ಗ್ಲಾಸು ಏರಿಸಿದ ಜೀಪು

ಭಾನುವಾರ, ಮಧ್ಯಾಹ್ನ ಮೂರು ಗಂಟೆ. ರಂಗಂಪೇಟೆಯಲ್ಲಿ ಜೀಪಿನ ಡ್ರೈವರ್ ಶರಣಪ್ಪನ ಮನೆ. ಇದ್ದವರು ಅವನ ಹೆಂಡತಿ ನೀಲಮ್ಮ, ಮಗ ಮಲ್ಲಣ್ಣ, ಜೀಪಿನ ಮಾಲೀಕ ಮತ್ತು ನಾನು. ಶರಣಪ್ಪನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ಅವನ ಜೀಪಿನಲ್ಲಿ ಸುರಪುರದಿಂದ ಯಾದಗಿರಿಗೆ ಹೋದವರ ಬಿಳಿ ಧೋತರ ಬಿಳಿಯಾಗಿಯೇ ಉಳಿಯುತ್ತಿತ್ತು. ಈ ದಾರಿಯಲ್ಲಿ ಅದು ಸಣ್ಣ ಮಾತಲ್ಲ. ಕಲ್ಲಿನ ಲಾರಿಗಳು ಎಬ್ಬಿಸುವ ಧೂಳಿಗೆ ಬೇರೆ ಜೀಪಿನವರು ಹಿಟ್ಟಿನ ಗಿರಣಿಯಿಂದ ಬಂದವರಂತೆ ಇಳಿಯುತ್ತಿದ್ದರು. ಶರಣಪ್ಪ ಊರು ದಾಟುವ ಮೊದಲೇ ಎಲ್ಲ ಗ್ಲಾಸು ಏರಿಸಿಬಿಡುತ್ತಿದ್ದ. "ನನ್ನ ಗಾಡ್ಯಾಗ ಕುಂತವ್ರು ನೆಟ್ಟಗ ಬೀಗರ ಮನಿಗೆ ಹೋಗಬೇಕ್ರಿ. ಮುಖ ತೊಳಕೊಳ್ಳಾಕ ನೀರು ಕೇಳಬಾರ್ದು" ಎನ್ನುತ್ತಿದ್ದ. ಅಡತಿ ಅಂಗಡಿಯ ಸಾಹುಕಾರರು, ಹೆಣ್ಣು ನೋಡಲು ಹೊರಟವರು ಅವನ ಜೀಪಿಗೇ ಕಾಯುತ್ತಿದ್ದರು.

ಧೂಳು ಹೊರಗೆ ಉಳಿಯಿತು, ಹೊಗೆ ಒಳಗೆ ಉಳಿಯಿತು. ಗೇರಿನ ಬುಡದ ರಬ್ಬರು ಹರಿದು, ಇಂಜಿನ್ನಿನ ಹೊಗೆ ಅವನ ಕಾಲ ಬಳಿಯಿಂದಲೇ ಏಳುತ್ತಿತ್ತು. ಹಸಿ ಗೋಣಿತಟ್ಟು ತುರುಕಿ ಓಡಿಸುತ್ತಿದ್ದ. ನಾವು ತಲೆನೋವು ಎಂದು ಹಣೆ ಒತ್ತಿಕೊಂಡು ನಮ್ಮ ಊರಲ್ಲಿ ಇಳಿಯುತ್ತಿದ್ದೆವು. ಅವನು ಕತ್ತಲಾಗುವವರೆಗೆ ಅದರಲ್ಲೇ ಕೂತಿರುತ್ತಿದ್ದ.

ನಾನು ಡ್ರಿಲ್ ಮಾಸ್ತರ. ಶಹಾಪುರದಿಂದ ಯಾದಗಿರಿಯ ಶಾಲೆಗೆ ವರ್ಷಗಟ್ಟಲೆ ಅವನ ಪಕ್ಕದ ಸೀಟಿನಲ್ಲಿ ಹೋದವನು. ಅವನಿಗೆ ಕೆಮ್ಮು ಹತ್ತಿದಾಗ ಸ್ಟ್ಯಾಂಡಿನಲ್ಲಿ ಇಳಿಸಿ, ಕೈ ಎತ್ತಿಸಿ, ಉಸಿರು ಎಳೆದುಕೊಳ್ಳುವ ಕ್ರಮ ಕಲಿಸಿದೆ. ಜನ ನಕ್ಕರೂ ಶಿಸ್ತಾಗಿ ಮಾಡಿದ. ಪಕ್ಕದ ಟಂಟಂ ಆಟೋ ಅವನ ಮುಖಕ್ಕೇ ಹೊಗೆ ಬಿಟ್ಟಿತು.

"ಎಳಕೊಳ್ಳೂದು ಬರತದ್ರಿ ಸರ್" ಎಂದ. "ಯಾವ ಗಾಳಿ ಎಳಕೋಬೇಕು ಅನ್ನೂದು ಹೇಳ್ರಿ."

ಯಾದಗಿರಿಯ ಡಾಕ್ಟರು ಮೊದಲು ಕೇಳಿದ್ದು ಬೀಡಿಯ ಲೆಕ್ಕ. ಕೊರಳಲ್ಲಿ ಲಿಂಗ ಕಟ್ಟಿದ ಶರಣಪ್ಪ ಬೀಡಿ, ತಂಬಾಕು ಮುಟ್ಟಿದವನಲ್ಲ. "ಗಾಡಿ ಹೊಗಿ ಬಿಡತದ್ರಿ, ನಾ ಸೇದತೀನಿ" ಎಂದನಂತೆ. ಡಾಕ್ಟರು ನಗಲಿಲ್ಲ. ಮೊದಲು ಬೀಡಿ ಬಿಡು ಎಂದು ಗುಳಿಗೆ ಬರೆದುಕೊಟ್ಟರು.

ಆಮೇಲೆ ಕೆಲವು ದಿನ ಗ್ಲಾಸು ಇಳಿಸಿಯೇ ಓಡಿಸಿದ. ಜನ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಒಂದೆರಡು ಸಲ ತಾಳಿದರು, ನಂತರ ಬೇರೆ ಜೀಪು ಹತ್ತಿದರು. ಒಬ್ಬ ಸಾಹುಕಾರ ಇಳಿಯುತ್ತ, "ಗಾಳಿ ಬೇಕಾದ್ರ ಎತ್ತಿನ ಬಂಡಿ ಹೊಡಿಯೋ ಶರಣ್ಯಾ" ಎಂದು ಹಂಗಿಸಿದ. ಗ್ಲಾಸು ಏರಿಸು, ಇಲ್ಲವೇ ಚಾವಿ ಕೊಡು ಎಂದ ಮಾಲೀಕ. ಶರಣಪ್ಪ ಗ್ಲಾಸು ಏರಿಸಿದ. ರಬ್ಬರಿನ ಮಾತೆತ್ತಲು ನಾನು ಮಾಲೀಕನ ಮನೆಗೆ ಹೋದೆ. ಬಹಳ ಮರ್ಯಾದೆಯಿಂದ ಚಹಾ ಕೊಟ್ಟು ಕಳಿಸಿದ.

ಕೊನೆಕೊನೆಗೆ ಶರಣಪ್ಪನಿಗೆ ಟಾಪಿನ ಮೇಲೆ ಹತ್ತಿ ಸಾಮಾನು ಕಟ್ಟಲು ಆಗುತ್ತಿರಲಿಲ್ಲ. ಸ್ಟೇರಿಂಗಿನ ಮೇಲೆ ತಲೆ ಇಟ್ಟು, ದಮ್ಮು ಇಳಿದ ಮೇಲೆ ಗಾಡಿ ಚಾಲೂ ಮಾಡುತ್ತಿದ್ದ. ಅದು ಅವನ ನಿದ್ದೆ ಎಂದುಕೊಂಡವರು ಹಿಂದಿನಿಂದ ಸೀಟು ಬಡಿದು ಎಬ್ಬಿಸುತ್ತಿದ್ದರು.

ಆ ಭಾನುವಾರ ಮಾಲೀಕ ಅದೇ ಜೀಪಿನ ಚಾವಿಯನ್ನು ಮಲ್ಲಣ್ಣನ ಕೈಗಿಟ್ಟ. ದೊಡ್ಡ ಉಪಕಾರ ಮಾಡುವವನ ಮುಖ ಹೊತ್ತಿದ್ದ. ಮೊದಲು ರಬ್ಬರು ಹಾಕಿಸಿ, ಆಮೇಲೆ ಹುಡುಗ ಕೂರಲಿ ಎಂದೆ.

"ಹಾಕಸೂಣ್ರಿ ಸರ್. ಈಗ ಸೀಜನ್ ಅದ, ಗಾಡಿ ನಿಲ್ಲಸಾಕ ಬರೂದಿಲ್ಲ."

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ತಡೆದಳು. "ನೀವು ಸುಮ್ನಿರ್ರಿ ಸರ್. ಚಾವಿ ಬ್ಯಾರೆದವ್ರಿಗೆ ಕೊಟ್ಟಾರು."

ನಾಲ್ಕು ಗಂಟೆಗೆ, ಮಲ್ಲಣ್ಣ ಓಡಿಸುವ ಅದೇ ಜೀಪಿನಲ್ಲಿ ಊರಿಗೆ ಹೊರಟೆ. ನನ್ನ ಪಕ್ಕದ ಗ್ಲಾಸು ಇಳಿಸಿ ಕೂತೆ. ಊರ ಹೊರಗೆ ಕಲ್ಲಿನ ಲಾರಿಯೊಂದು ಎದುರಾಯಿತು. "ತಮ್ಮಾ, ಗ್ಲಾಸ್ ಏರಸು" ಎಂದಿತು ಹಿಂದಿನಿಂದ ಒಂದು ದನಿ. ಮಲ್ಲಣ್ಣ ನನ್ನ ಮುಖ ನೋಡಿದ. ನಾನು ಕೈ ಆಡಿಸಲಿಲ್ಲ. ಗಾಡಿ ನಿಧಾನ ಮಾಡಿ, ನನ್ನ ಮೇಲಿಂದ ಕೈ ಚಾಚಿ, ಅವನೇ ಏರಿಸಿದ.

ಶಹಾಪುರದಲ್ಲಿ ಇಳಿದು ಬಾಗಿಲು ಹಾಕಿದೆ. ನನ್ನ ದಾರಿ ಅಲ್ಲಿಗೆ ಮುಗಿಯಿತು. ಮಲ್ಲಣ್ಣ ಸೀಟು ಬಿಟ್ಟು ಇಳಿಯದೆ, ಯಾದಗಿರಿ, ಯಾದಗಿರಿ ಎಂದು ಕೂಗುತ್ತಿದ್ದ.