ಮೂರನೇ ಹಾಳೆಯ ಪ್ರಶ್ನೆ

ಆಸ್ಪತ್ರೆಯ ತೂಕದ ಯಂತ್ರ ಹತ್ತುವ ಮೊದಲು ಮಾಳಿಗೆಯಣ್ಣ ಚಪ್ಪಲಿ ಬಿಟ್ಟ, ಸೊಂಟದ ಬೆಲ್ಟ್ ಬಿಚ್ಚಿದ, ಜೇಬಿನಲ್ಲಿದ್ದ ಬೀಗದ ಕೈ, ಫೋನು, ಬಾಚಣಿಗೆ ಎಲ್ಲವನ್ನೂ ತೆಗೆದು ಭಾವಮೈದುನನ ಕೈಗಿಟ್ಟ. ಬಾಚಣಿಗೆ ತೆಗೆದಿಟ್ಟರೆ ಎಷ್ಟು ತೂಕ ಇಳಿಯುತ್ತದೋ ಅವನಿಗೇ ಗೊತ್ತು. ನರ್ಸಮ್ಮ ನಗಲಿಲ್ಲ, ಇಂಥವರನ್ನು ಆಕೆ ದಿನಾ ನೋಡುತ್ತಾಳೆ. ಯಂತ್ರ ಎರಡು ಸಲ ಮಿಣುಕಿ ನೂರ ನಲವತ್ತೊಂಬತ್ತಕ್ಕೆ ನಿಂತಿತು. ಆಕೆ ಅದನ್ನು ಗಟ್ಟಿಯಾಗಿ ಓದಿ ಬರೆದುಕೊಂಡಳು.

"ಅಷ್ಟೇನಾ," ಎಂದ ಭಾವಮೈದುನ. "ನಮ್ಮ ಕ್ರೇನು ಎರಡು ಟನ್ ಎತ್ತುತ್ತೆ ಭಾವ. ನೀವೇನೂ ಯೋಚನೆ ಮಾಡಬೇಡಿ."

ಮಾಳಿಗೆಯಣ್ಣ ನಕ್ಕ ಹಾಗೆ ಮಾಡಿದ. ಬೆಳಗ್ಗೆಯಿಂದ ಅವನನ್ನು ಕಾಡುತ್ತಿದ್ದದ್ದು ಆಪರೇಷನ್ನಿನ ಭಯ ಮಾತ್ರ ಆಗಿರಲಿಲ್ಲ. ಪಕ್ಕದಲ್ಲಿ ಈ ಹುಡುಗ ಕೂತಿರುವಾಗ ಡಾಕ್ಟರು ಏನೇನು ಕೇಳುತ್ತಾರೋ ಎಂಬುದೇ ದೊಡ್ಡ ಭಯವಾಗಿತ್ತು.

ಭಾವಮೈದುನನನ್ನು ಅವನಾಗಿ ಕರೆದುಕೊಂಡು ಬಂದದ್ದಲ್ಲ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ಹೆಸರು ಬರೆಸುವವರು ಮೊದಲ ದಿನ ತಮ್ಮನ್ನು ದಿನಾ ನೋಡುವ ಒಬ್ಬರನ್ನು ಕರೆತರಬೇಕು ಎಂಬುದು ಆ ಆಸ್ಪತ್ರೆಯ ನಿಯಮ. ರೋಗಿ ಹೇಳುವುದೊಂದು, ಜೊತೆಯಲ್ಲಿರುವವರು ಕಂಡಿರುವುದೊಂದು ಇರುತ್ತದಂತೆ. ಹೆಂಡತಿಗೆ ರಜೆ ಸಿಗಲಿಲ್ಲ. "ನನ್ನ ತಮ್ಮ ಬರ್ತಾನೆ ಬಿಡಿ," ಎಂದಳು. "ನನಗಿಂತ ಜಾಸ್ತಿ ಹೊತ್ತು ನಿಮ್ಮ ಜೊತೆ ಇರೋನು ಅವನೇ ಅಲ್ವಾ." ಅದು ನಿಜವೇ ಆಗಿತ್ತು, ಅವನಿಗೆ ಬೇಡವಾದದ್ದೂ ಅದೇ ಆಗಿತ್ತು.

ಎತ್ತರದ ಕಟ್ಟಡಗಳು ಏಳುವ ಕಡೆ ಗೋಪುರದ ಹಾಗೆ ನಿಂತಿರುತ್ತದಲ್ಲ, ಆ ಕ್ರೇನು ನಡೆಸುವವನು ಮಾಳಿಗೆಯಣ್ಣ. ನೆಲದಿಂದ ನಲವತ್ತು ಮೀಟರ್ ಮೇಲೆ ಒಂದು ಗಾಜಿನ ಗೂಡು, ಗೂಡಿನಲ್ಲಿ ಒಂದು ಕುರ್ಚಿ, ಕುರ್ಚಿಯ ಎರಡೂ ಪಕ್ಕ ಒಂದೊಂದು ಹಿಡಿ. ಬೆಳಗ್ಗೆ ಹತ್ತಿದರೆ ಇಳಿಯುವುದು ಸಂಜೆಗೆ. ಊಟದ ಡಬ್ಬಿ ಹಗ್ಗದಲ್ಲಿ ಮೇಲೆ ಹೋಗುತ್ತದೆ, ಹೇಳಿಕೊಳ್ಳಲಾಗದ ಅವಸರಕ್ಕೆ ಖಾಲಿ ಬಾಟಲಿ ಇರುತ್ತದೆ. ಹದಿನೆಂಟು ವರ್ಷ ಹೀಗೆ ಮೇಲೆಯೇ ಬಾಳಿದವನಿಗೆ ಕೆಳಗಿನವರು ಪ್ರೀತಿಯಿಂದ ಇಟ್ಟ ಹೆಸರು ಮಾಳಿಗೆಯಣ್ಣ. ಹದಿನೆಂಟು ವರ್ಷ ಕೂತಲ್ಲೇ ಕೂತು ಉಂಡರೆ ಮೈ ಏನಾಗಬೇಕೋ ಅದೇ ಆಯಿತು. ಮೊದಲೆಲ್ಲ ಎಂಟು ನಿಮಿಷದಲ್ಲಿ ಹತ್ತುತ್ತಿದ್ದ ಏಣಿಗೆ ಈಗ ಅರ್ಧ ಗಂಟೆ. ಪ್ರತಿ ಮಜಲಿನಲ್ಲಿ ನಿಂತು ಏದುಸಿರು ಬಿಡುವುದು ಯಾರ ಕಣ್ಣಿಗೂ ಬೀಳಬಾರದೆಂದು ಅವನು ಎಲ್ಲರಿಗಿಂತ ಮೊದಲೇ ಬಂದು ಹತ್ತಿಬಿಡುತ್ತಿದ್ದ. ಎಂಥ ಶ್ರದ್ಧೆ ನೋಡಿ ಎಂದು ಮೇಲಧಿಕಾರಿಗಳು ಹೊಗಳಿದ್ದೂ ಇದೆ.

ಕೆಳಗೆ ನಿಂತು ಅವನಿಗೆ ಸನ್ನೆ ಕೊಡುವವನೇ ಹೆಂಡತಿಯ ತಮ್ಮ. ಕಟ್ಟಡದ ಹಿಂದೆ ಇಳಿಯುವ ಭಾರ ಮೇಲಿನವನಿಗೆ ಕಾಣುವುದಿಲ್ಲ, ವಾಕಿಟಾಕಿಯಲ್ಲಿ ಬರುವ ದನಿಯನ್ನು ನಂಬಿ ಇಳಿಸಬೇಕು. ಆ ಕೆಲಸಕ್ಕೆ ಅವನನ್ನು ಸೇರಿಸಿದ್ದು ಮಾಳಿಗೆಯಣ್ಣನೇ. ಒಂಬತ್ತು ವರ್ಷ ಒಬ್ಬನ ದನಿ, ಇನ್ನೊಬ್ಬನ ಕೈ, ಒಂದು ಸಲವೂ ತಾಳ ತಪ್ಪಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಊಟವಾದ ಮೇಲೆ ಕಬ್ಬಿಣದ ಸರಳುಗಳ ಕಟ್ಟು ಇಳಿಯುತ್ತಿತ್ತು. "ನಿಧಾನ, ನಿಧಾನ, ಸಾಕು, ನಿಲ್ಲಿಸಿ," ಎಂದ ಭಾವಮೈದುನ. ಕಟ್ಟು ನಿಲ್ಲಲಿಲ್ಲ. ಮತ್ತೆ ಕೂಗಿದ, ಆಗಲೂ ನಿಲ್ಲಲಿಲ್ಲ. ಅವನು ಹಿಂದಕ್ಕೆ ಹಾರಿದ, ಅವನು ನಿಂತಿದ್ದ ಜಾಗದಲ್ಲಿ ಒಂದೂವರೆ ಟನ್ ಕಬ್ಬಿಣ ಬಂದು ಕೂತಿತು. ಅವನ ಬೂಟಿನ ತುದಿಗೂ ಅದಕ್ಕೂ ನಡುವೆ ಒಂದು ಗೇಣೂ ಅಂತರ ಇರಲಿಲ್ಲ. ಮೇಲೆ ಮಾಳಿಗೆಯಣ್ಣ ಕಣ್ಣು ಬಿಟ್ಟದ್ದು ಆ ಸದ್ದಿಗೆ. ಅದು ಹಳೆಯ ಯಂತ್ರ, ಹಿಡಿಯಿಂದ ಕೈ ತೆಗೆದರೆ ನಿಲ್ಲುತ್ತದೆ. ಕೈ ಅದರ ಮೇಲೆ ಒರಗಿ ನಿದ್ದೆ ಹೋದರೆ ನಿಲ್ಲುವುದಿಲ್ಲ.

ಏನಾಯಿತೆಂದು ಎಲ್ಲರೂ ಕೇಳಿದಾಗ ಅವನ ಬಾಯಿಗೆ ಬಂದದ್ದು ಒಂದೇ ಮಾತು, "ನನಗೇನೂ ಕೇಳಿಸಲಿಲ್ಲ." ಅದು ಸುಳ್ಳೂ ಅಲ್ಲ. ನಿದ್ದೆ ಹೋದವನಿಗೆ ಏನು ಕೇಳಿಸೀತು? ವಾಕಿಟಾಕಿಗಳನ್ನು ಚಾರ್ಜಿಗೆ ಹಾಕುವ ಕೆಲಸ ಭಾವಮೈದುನನದು. ಬ್ಯಾಟರಿ ಹೋಗಿರಬೇಕು ಎಂದು ಯಾರೋ ಅಂದರು. ಸಂಜೆ ಪರೀಕ್ಷಿಸಿದಾಗ ಬ್ಯಾಟರಿ ನಿಜಕ್ಕೂ ಖಾಲಿಯಾಗಿತ್ತು. ಸಂಜೆಗೆ ಅದು ದಿನಾ ಖಾಲಿಯಾಗುತ್ತದೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾದ ಮಾಳಿಗೆಯಣ್ಣ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಗೂಬೆ ಹುಡುಗನ ತಲೆಯ ಮೇಲೆ ಕೂತಿತು. ಮೂರು ವಾರ ಅವನನ್ನು ಗುಜರಿ ಆರಿಸುವುದಕ್ಕೆ ಹಾಕಿದರು, ಸನ್ನೆಗಾರರ ಮೇಲಿನ ಯಜಮಾನಿಕೆ ಕಿತ್ತುಕೊಂಡರು.

ವಾಪಸು ಬಂದ ಭಾವಮೈದುನ ಮೊದಲಿನವನಾಗಿರಲಿಲ್ಲ. "ಕೇಳಿಸ್ತಾ ಭಾವ?" ಎನ್ನುತ್ತಿದ್ದ. ಎರಡು ನಿಮಿಷ ಬಿಟ್ಟು ಮತ್ತೆ, "ಈಗ ಕೇಳಿಸ್ತಾ?" ಭಾರವೇ ಇಲ್ಲದಾಗಲೂ ಕೇಳುತ್ತಿದ್ದ. ಒಂದೊಂದು "ಕೇಳಿಸ್ತಾ"ಗೂ ಮೇಲಿದ್ದವನ ಎದೆಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಗೂಡು ಹೋಗುತ್ತದೆ, ಗೂಡು ಬಿಟ್ಟು ಬೇರೆ ಕೆಲಸ ಅವನಿಗೆ ಬಾರದು. ಹೆಂಡತಿಯ ಮುಖ ನೋಡುವುದು ಹೇಗೆ? ಅಷ್ಟರಲ್ಲಿ ಹೆಂಡತಿ ಯಾರನ್ನೋ ಕೇಳಿ ಈ ಆಪರೇಷನ್ನಿನ ವಿಷಯ ತಂದಳು. ಗಂಡನ ಗೊರಕೆ ನಡುನಡುವೆ ನಿಂತುಹೋಗಿ ಉಸಿರೇ ಇಲ್ಲದಂತಾಗುವುದನ್ನು ಕಂಡು ಅವಳು ಹೆದರಿದ್ದಳು. ಅವನಿಗೆ ಇದೊಂದು ದಾರಿ ಕಂಡಿತು. ತೂಕ ಇಳಿದರೆ ಹಗಲು ನಿದ್ದೆ ಬಿಟ್ಟುಹೋಗುತ್ತದೆ, ಅದು ಬಿಟ್ಟರೆ ಅಂಥದ್ದು ಇನ್ನೊಮ್ಮೆ ನಡೆಯುವುದಿಲ್ಲ, ನಡೆದದ್ದು ಮಣ್ಣಾಗುತ್ತದೆ. ಇಷ್ಟು ಸುಲಭವಾಗಿ ಕೈತೊಳೆದುಕೊಳ್ಳಬಹುದೆಂದು ಅವನು ನಂಬಿದ್ದ, ಪಾಪ.

ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಆಪರೇಷನ್ ನಾಳೆ ನಾಡಿದ್ದಿನದಲ್ಲ ಎಂದು ಮೊದಲೇ ಹೇಳಿದರು. ರಕ್ತ ಪರೀಕ್ಷೆ, ಎದೆ ಪರೀಕ್ಷೆ, ಊಟ ಹೇಳಿಕೊಡುವವರ ಹತ್ತಿರ ಕೆಲವು ತಿಂಗಳು, ಮನಸ್ಸಿನ ಡಾಕ್ಟರ ಹತ್ತಿರ ಎರಡು ಸಲ. ಇವತ್ತು ಬರೀ ಮಾತು. ಮುಂದೆ ಮೂರು ಹಾಳೆ ಇಟ್ಟುಕೊಂಡರು. ಮೊದಲನೆಯದು ಮನೆತನದ ಕಾಯಿಲೆಗಳದು, ಎರಡನೆಯದು ಊಟದ್ದು. ಎರಡನ್ನೂ ಮಾಳಿಗೆಯಣ್ಣ ಧಾರಾಳವಾಗಿ ಒಪ್ಪಿಕೊಂಡ. ಡಬ್ಬಿಯಲ್ಲಿ ನಾಲ್ಕು ಜನರ ಊಟ ಇರುವುದನ್ನೂ ಒಪ್ಪಿಕೊಂಡ.

ಡಾಕ್ಟರಮ್ಮ ಮೂರನೇ ಹಾಳೆ ತಿರುಗಿಸಿದರು. "ಇದು ನಿದ್ದೆ ಬಗ್ಗೆ. ನಾನು ಒಂದೊಂದೇ ಕೇಳ್ತೀನಿ, ತೂಕಡಿಕೆ ಎಷ್ಟು ಬರುತ್ತೆ ಅಂತ ಸೊನ್ನೆಯಿಂದ ಮೂರರೊಳಗೆ ಹೇಳಿ. ಟೀವಿ ನೋಡುವಾಗ?"

"ಎರಡು."

"ಮೂರು ಹಾಕ್ಕೊಳ್ಳಿ ಡಾಕ್ಟ್ರೇ," ಎಂದ ಭಾವಮೈದುನ. "ಇವರು ಟೀವಿ ನೋಡಲ್ಲ, ಟೀವೀನೇ ಇವರನ್ನ ನೋಡುತ್ತೆ."

ಡಾಕ್ಟರಮ್ಮ ಸಣ್ಣಗೆ ನಕ್ಕು ತಿದ್ದಿದರು. "ಬಸ್ಸಲ್ಲಿ ಕೂತಾಗ?"

"ಎರಡು."

"ಊಟ ಆದಮೇಲೆ ಸುಮ್ನೆ ಕೂತಾಗ?"

ಮಾಳಿಗೆಯಣ್ಣ ಹಾಳೆಯತ್ತ ನೋಡಿದ. "ಒಂದು," ಎಂದ. ಕುರ್ಚಿಯ ಕೈಗಳು ಎರಡೂ ಪಕ್ಕ ಒತ್ತುತ್ತಿದ್ದವು.

"ಕೆಲಸ ಏನಂದ್ರಿ?"

"ಕ್ರೇನು ನಡೆಸ್ತೀನಿ."

ಪೆನ್ನು ನಿಂತಿತು. ಡಾಕ್ಟರಮ್ಮ ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ. "ಕೆಲಸದ ಹೊತ್ತಲ್ಲಿ ಯಾವತ್ತಾದರೂ ನಿದ್ದೆ ಹೋಗಿದ್ದೀರಾ?"

ಅವನು ಬಾಯಿ ತೆರೆಯುವ ಮೊದಲೇ ಭಾವಮೈದುನ ಮುಂದೆ ಬಾಗಿದ. "ಸಾಧ್ಯಾನೇ ಇಲ್ಲ ಡಾಕ್ಟ್ರೇ. ಕೆಲಸದಲ್ಲಿ ನಮ್ಮ ಭಾವ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತಾರೆ. ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ಅದು ಕೆಳಗಡೆ ನಮ್ಮಿಂದಾನೇ." ಕೊನೆಯ ಮಾತು ಹೇಳುವಾಗ ಅವನು ತಲೆ ತಗ್ಗಿಸಿದ್ದ.

ಡಾಕ್ಟರಮ್ಮ ಅದನ್ನು ಬರೆಯಲಿಲ್ಲ. "ಅವರೇ ಹೇಳಲಿ," ಎಂದರು. "ನೋಡಿ, ನಿದ್ದೇಲಿ ನಿಮ್ಮ ಉಸಿರು ನಿಲ್ಲುತ್ತೆ ಅಂತ ಮನೆಯವರು ಬರೆದು ಕಳಿಸಿದ್ದಾರೆ. ಆಪರೇಷನ್ನಿಗೆ ಅರಿವಳಿಕೆ ಕೊಡೋರಿಗೆ ಅದು ಎಷ್ಟರಮಟ್ಟಿಗೆ ಇದೆ ಅಂತ ಗೊತ್ತಿರಬೇಕು. ಇಲ್ಲಿ ಸುಳ್ಳು ಹೇಳಿದರೆ ಟೇಬಲ್ ಮೇಲೆ ನಿಮ್ಮ ಜೀವಕ್ಕೇ ಸಂಚಕಾರ."

ಬರೀ ತನ್ನ ಜೀವದ ಮಾತಾಗಿದ್ದರೆ ಮಾಳಿಗೆಯಣ್ಣ ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದನೋ ಏನೋ. ಮನುಷ್ಯ ತನ್ನ ಜೀವವನ್ನು ಜೂಜಿಗಿಡಲು ಎಷ್ಟು ಬೇಗ ಒಪ್ಪುತ್ತಾನೆ! ಆದರೆ ಭಾವಮೈದುನನ ತಗ್ಗಿದ ತಲೆ ಕಣ್ಣೆದುರಿಗಿತ್ತು. ಇಲ್ಲ ಎಂದರೆ ಸಾಕಿತ್ತು, ಸಾಕ್ಷಿ ಹೇಳಲು ಪಕ್ಕದಲ್ಲೇ ಆಳಿದ್ದ, ಅದೂ ಎಂಥ ಆಳು!

"ನಿದ್ದೆ ಹೋಗಿದ್ದೀನಿ," ಎಂದ ಮಾಳಿಗೆಯಣ್ಣ.

"ಎಷ್ಟು ಸಲ?"

"ತುಂಬಾ ಸಲ. ಒಂದು ಸಲ ಕೊಕ್ಕೆಯಲ್ಲಿ ಭಾರ ಇತ್ತು. ಕಬ್ಬಿಣ. ಕೆಳಗೆ ಇವನಿದ್ದ."

ಭಾವಮೈದುನ ತಿರುಗಿ ನೋಡಲಿಲ್ಲ. ಗೋಡೆಯ ಮೇಲಿನ ಹೊಟ್ಟೆ ಕರುಳುಗಳ ಚಿತ್ರವನ್ನು ನೋಡುತ್ತ ಕೂತ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಲ್ಲದಂತಾಯಿತು. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು, ಬೇರೊಂದು ಚೀಟಿ ತೆಗೆದುಕೊಂಡು ಬರೆಯತೊಡಗಿದರು.

"ಹೇಳಿದ್ದು ಒಳ್ಳೇದಾಯ್ತು. ನಿದ್ದೆ ಪರೀಕ್ಷೆ ಆಗಿ, ಚಿಕಿತ್ಸೆ ಹತ್ತಿ, ನಾನು ಬರೆದುಕೊಡೋ ತನಕ ನೀವು ಕ್ರೇನ್ ಹತ್ತೋ ಹಾಗಿಲ್ಲ. ಈ ಚೀಟಿ ಕಂಪನಿಗೆ ಕೊಡಿ."

"ಆಪರೇಷನ್ನು?"

"ಅದು ಆಗುತ್ತೆ, ಆಗಲ್ಲ ಅಂತ ಇವತ್ತು ಹೇಳಲ್ಲ. ಇವತ್ತಿನ ಹೆಜ್ಜೆ ಇದು."

ಹೊರಗೆ ಉದ್ದನೆಯ ಓಣಿಯಲ್ಲಿ ಜನ ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು. ಭಾವಮೈದುನ ಕಿಟಕಿಯವರೆಗೆ ನಡೆದು ನಿಂತ. ಮಾಳಿಗೆಯಣ್ಣ ಅವನ ಹಿಂದೆ ಹೋಗಿ ನಿಂತ. ಹೊಡೆಯಲಿ, ಬಯ್ಯಲಿ ಎಂದು ಕಾದ.

"ಕಂಪನಿಯ ಸೇಫ್ಟಿ ಸಾಹೇಬರಿಗೆ ಯಾರು ಹೇಳ್ತಾರೆ?" ಎಂದ ಭಾವಮೈದುನ. "ನೀವಾ, ನಾನಾ?"

"ನಾನೇ ಹೇಳ್ತೀನಿ. ನಾಳೆ ಚೀಟಿ ಕೊಡುವಾಗ—"

"ಈಗ ಹೇಳಿ. ನನ್ನೆದುರಿಗೆ."

ಮಾಳಿಗೆಯಣ್ಣ ಫೋನು ತೆಗೆದ. ಮೂರು ಸಲ ರಿಂಗಾದ ಮೇಲೆ ಅತ್ತ ಎತ್ತಿಕೊಂಡರು. ಅವನು ತನ್ನ ಹೆಸರು ಹೇಳಿದ, ಆಸ್ಪತ್ರೆಯಲ್ಲಿದ್ದೇನೆ ಎಂದ, ಆಮೇಲೆ ಒಂದೇ ಉಸಿರಿಗೆ, "ಸಾರ್, ಆವತ್ತು ಕಬ್ಬಿಣ ಬಿತ್ತಲ್ಲ, ಬ್ಯಾಟರಿ ಸರಿ ಇತ್ತು ಸಾರ್. ನಾನು ನಿದ್ದೆ ಮಾಡಿಬಿಟ್ಟಿದ್ದೆ," ಎಂದ. ನಾಳೆ ಏಣಿ ಮುಟ್ಟಬೇಡ, ನೇರ ಆಫೀಸಿಗೆ ಬಂದು ಬರೆದುಕೊಡು ಎಂದಷ್ಟೇ ಹೇಳಿ ಅವರು ಇಟ್ಟುಬಿಟ್ಟರು. ಹದಿನೆಂಟು ವರ್ಷದ ಗೂಡು ಆ ಒಂದು ಮಾತಿಗೆ ಹೋಯಿತು. ಅವನು ಕಿಟಕಿಯ ಸರಳು ಹಿಡಿದುಕೊಂಡ.

"ನನ್ನ ತಪ್ಪಾಯ್ತು ಕಣೋ," ಎಂದ. "ಕ್ಷಮಿಸು ಅನ್ನೋಕೂ ಬಾಯಿಲ್ಲ ನನಗೆ."

ಭಾವಮೈದುನ ಈಗ ಅವನನ್ನು ನೋಡಿದ. ಅಷ್ಟು ಸಿಟ್ಟಿನಲ್ಲೂ ಏಕವಚನಕ್ಕೆ ಇಳಿಯಲಿಲ್ಲ.

"ಅವತ್ತು ಬೆಳಗ್ಗೆ ಚಾರ್ಜಿಗೆ ಹಾಕಿದ್ದು ನನಗೆ ಚೆನ್ನಾಗಿ ಜ್ಞಾಪಕ ಇತ್ತು ಭಾವ. ಆಮೇಲೆ ಎಲ್ಲರೂ ಇಲ್ಲ ಅಂದಾಗ, ಮರೆತಿರಬೇಕು ಅಂತ ನಾನೇ ಒಪ್ಕೊಂಡೆ. ಅವತ್ತಿಂದ ನನ್ನ ಹೆಂಡತಿ ಮಗೂನ ನನ್ನೊಬ್ಬನ ಹತ್ರ ಬಿಟ್ಟು ಹೊರಗೆ ಹೋಗಲ್ಲ. ನಿಮಗೆ ಮರೆವು, ಒಲೆ ಹಚ್ಚಿ ಮರೆತರೆ ಏನು ಗತಿ ಅಂತಾಳೆ. ನಾನೂ ಹೌದು ಅಂತಿದ್ದೆ."

ಅವನು ಮೆಟ್ಟಿಲ ಕಡೆ ತಿರುಗಿದ.

"ಅಕ್ಕನಿಗೆ ಆಮೇಲೆ ಹೇಳಿ. ಮೊದಲು ನಮ್ಮ ಮನೆಗೆ ನಡೀರಿ, ನನ್ನ ಹೆಂಡತಿಗೆ ಹೇಳಿ. ನಾನು ಹೇಳಿದರೆ ಅವಳು ನಂಬಲ್ಲ."