ಭೂಗೋಳವನ್ನು ಹಾಡಿದವರು

ಮೊನ್ನೆ ಸೊಸೆ ಹೆಸರುಕಾಳಿನ ಗಡಿಗೆಯ ಬಾಯಿ ಬಿಚ್ಚಿದಳು. ಹುಳ ಬೀಳಬಾರದೆಂದು ಕಾಳಿನ ಮೇಲೆ ಹರವಿದ್ದ ಬೇವಿನೆಲೆ ಒಣಗಿ ಪುಡಿಯಾಗಿತ್ತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಳು ಅಳೆಯುವುದನ್ನು ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನಮ್ಮ ಮನೆಯವರ ಪುರಾಣದ ಹೊತ್ತಿಗೆಯನ್ನು ಬಿಚ್ಚಿದಾಗಲೂ ಇದೇ ವಾಸನೆ ಬರುತ್ತಿತ್ತು. ಕೆಂಪು ವಸ್ತ್ರದಲ್ಲಿ ಸುತ್ತಿ, ನಡುನಡುವೆ ಬೇವಿನೆಲೆ ಇಟ್ಟು, ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಅವರ ಹೆಸರನ್ನು ಬಾಯಲ್ಲಿ ಎಂದೂ ಹೇಳಿದವಳಲ್ಲ, ಈಗ ಬರೆಯುವಾಗಲೂ ಕೈ ಏಳುವುದಿಲ್ಲ. ಅಕ್ಷರ ಕಲಿಸಿದವರು ಅವರೇ ಆದರೂ ಅದೊಂದನ್ನು ನಾನು ಬರೆಯಲಾರೆ.

ನಾನು ಅವರನ್ನು ನೋಡುವ ಮೊದಲು ಅವರ ದನಿ ಕೇಳಿದ್ದೆ. ಒಂದು ಶ್ರಾವಣದಲ್ಲಿ ನಮ್ಮ ತವರು ಲಕ್ಕಲಕಟ್ಟಿಗೆ ಪುರಾಣ ಓದಲು ಬಂದಿದ್ದರು. ಗುಡಿಯಲ್ಲಿ ಹಿಂದೆ ಹೆಂಗಸರ ನಡುವೆ ಕುಳಿತ ನನಗೆ ಕಂಡದ್ದು ಬರೀ ಕಂಬ. ಆದರೆ ದನಿ... ಏನು ಹೇಳಲಿ ಅದನ್ನು! ರಾಜ ಕಾಡಿಗೆ ಹೋಗುವ ಕಡೆ ಬಂದರೆ ನಮ್ಮ ಓಣಿಯ ಜಗಳಗಂಟಿ ಮುದುಕಿಯರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಹೊಲ ಮನೆ ಏನನ್ನೂ ವಿಚಾರಿಸದೆ ಹೆಣ್ಣು ಕೊಟ್ಟದ್ದು ಆ ದನಿಗೇ.

ರೋಣದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಅವರು ಗುಡಿಯ ಕಟ್ಟೆಯ ಮೇಲೆ ಸಾಲೆ ನಡೆಸುತ್ತಿದ್ದರು. ಸಾಲೆ ಎಂದರೆ ಈಗಿನ ಹಾಗಲ್ಲ. ನೆಲದ ಮೇಲೆ ಉಸುಕು ಹರವಿ ಹುಡುಗರು ಬೆರಳಿನಿಂದ ತಿದ್ದುತ್ತಿದ್ದರು. ಮಗ್ಗಿ, ಲೆಕ್ಕ, ಓದು ಎಲ್ಲವೂ ರಾಗದಲ್ಲೇ. ಹಾಡಿದರೆ ತಲೆಯಲ್ಲಿ ನಿಲ್ಲುತ್ತದೆ ಎಂಬುದು ಅಂದಿನ ಪದ್ಧತಿ, ಅವರ ಅಪ್ಪನವರೂ ಹಾಗೆಯೇ ಕಲಿಸಿದ್ದರು. ಸುಗ್ಗಿಯಲ್ಲಿ ಊರವರು ಜೋಳ ಕೊಡುತ್ತಿದ್ದರು, ಸಂಸಾರ ನಡೆಯುತ್ತಿತ್ತು.

ನರಗುಂದದ ಬಂಡಾಯ ಅಡಗಿ, ದಾರಿಯಲ್ಲಿ ಬಂಡಿಗಳು ಮತ್ತೆ ಓಡಾಡತೊಡಗಿದ್ದ ಕಾಲ. ಒಂದು ದಿನ ಡಂಗುರ ಹೊಡೆದರು. ಊರಿಗೆ ಸರಕಾರಿ ಸಾಲೆ ಬರುತ್ತದಂತೆ, ಧಾರವಾಡದಲ್ಲಿ ಮಾಸ್ತರಿಕೆ ಕಲಿಸುವ ದೊಡ್ಡ ಸಾಲೆಯಲ್ಲಿ ಕಲಿತು ಬಂದವರಿಗೇ ಅಲ್ಲಿ ನೌಕರಿಯಂತೆ. ಆ ಸಾಲೆಗೆ ಸೇರಬೇಕಾದವರನ್ನು ಆರಿಸಲು ನಮ್ಮ ಕಡೆಯವರೇ ಆದ ಸಾಹೇಬರೊಬ್ಬರು ರೋಣದ ಕಚೇರಿಗೆ ಬರುವವರಿದ್ದರು. ಇವರು ಆರಿಸಿ ಬಂದರೆ ಕಟ್ಟೆಯ ಮೇಲಿನ ಹುಡುಗರು ಇವರ ಕೈಯಲ್ಲೇ ಉಳಿಯುತ್ತಾರೆ. ಇಲ್ಲದಿದ್ದರೆ ಯಾವನೋ ಪರಊರಿನವ ಬಂದು, ಆಗಿನ ಸರಕಾರಿ ಸಾಲೆಗಳ ರೂಢಿಯಂತೆ, ಮರಾಠಿಯಲ್ಲಿ ಪಾಠ ಹೇಳುತ್ತಾನೆ, ಇವರು ಬರಿಗೈಯಲ್ಲಿ ಕಟ್ಟೆ ಇಳಿಯಬೇಕು. ಅಂದು ಅವರು ಊಟ ಸೇರದೆ ಎದ್ದರು.

ಪರೀಕ್ಷೆಗೆ ನಮ್ಮಣ್ಣ ಜೊತೆಗೆ ಹೋದ. ಸಂಜೆ ತಿರುಗಿ ಬಂದಾಗ ಇವರು ನೇರ ಹಿತ್ತಲಿಗೆ ಹೋಗಿ ಕುಳಿತರು. ಅಣ್ಣ ಮಾತ್ರ ನಗು ತಡೆಯಲಾರದೆ ಬಾಗಿಲಲ್ಲೇ ನಿಂತ.

“ತಂಗೆವ್ವ, ನಿನ್ನ ಗಂಡ ಭೂಗೋಳ ಹಾಡಿದಾ!” ಎಂದ.

ನಡೆದದ್ದು ಇಷ್ಟು. ಲೆಕ್ಕದಲ್ಲಿ, ಬರವಣಿಗೆಯಲ್ಲಿ ಇವರೇ ಮುಂದು. ಕೊನೆಗೆ ಸಾಹೇಬರು ಅಚ್ಚಿನ ಪುಸ್ತಕವೊಂದನ್ನು ಕೈಗೆ ಕೊಟ್ಟು ಓದಿರಿ ಎಂದರು. ಇವರು ಅದನ್ನು ಕಣ್ಣಿಗೊತ್ತಿಕೊಂಡು, ಚಕ್ಕಳಬಕ್ಕಳ ಹಾಕಿ ಕುಳಿತು, ಗಂಟಲು ಸರಿಮಾಡಿಕೊಂಡು, “ಭೂಮಿಯು ಗುಂಡಾಗಿದೆ” ಎಂಬುದನ್ನು ರಾಗವಾಗಿ ಎಳೆದು ಹಾಡಿದರಂತೆ. ಕಚೇರಿಯ ಜವಾನರೂ ಬಾಗಿಲಿಗೆ ಬಂದು ನಿಂತರು. ಸಾಹೇಬರು, “ಮಾತಾಡಿದಂಗ ಓದ್ರಿ” ಎಂದರೆ ಇವರು ತಲೆಯಾಡಿಸಿ ಮತ್ತೆ ರಾಗ ಹಿಡಿದರು. ಓದುವುದೆಂದರೆ ಹಾಡುವುದೆಂದೇ ತಿಳಿದವರಿಗೆ ಇನ್ನೊಂದು ದಾರಿ ಎಲ್ಲಿಂದ ಬರಬೇಕು? ಆದರೆ ಆ ಸಾಹೇಬರು ಕೆಟ್ಟವರಲ್ಲ. ಗಜೇಂದ್ರಗಡಕ್ಕೆ ಹೋಗಿ ಎಂಟು ದಿನಕ್ಕೆ ಇದೇ ದಾರಿಯಲ್ಲಿ ತಿರುಗಿ ಬರುತ್ತೇನೆ, ಅಷ್ಟರಲ್ಲಿ ನೆಟ್ಟಗೆ ಓದುವುದನ್ನು ಕಲಿತರೆ ಸೇರಿಸಿಕೊಳ್ಳುತ್ತೇನೆ ಎಂದು ಪುಸ್ತಕವನ್ನೂ ಇವರ ಕೈಯಲ್ಲೇ ಬಿಟ್ಟು ಕಳಿಸಿದ್ದರು.

ಮರುದಿನ ಬೆಳಿಗ್ಗೆ ನಾನು ಬೀಸುತ್ತಿದ್ದೆ. ಅವರು ಪಕ್ಕದಲ್ಲಿ ಕುಳಿತು ಓದತೊಡಗಿದರು. ಬೀಸುಕಲ್ಲಿನ ಗರಗರ ಕೇಳಿದ್ದೇ ಭೂಮಿ ಮತ್ತೆ ರಾಗದಲ್ಲಿ ತಿರುಗಲಿಕ್ಕೆ ಹತ್ತಿತು. ಬೀಸುವುದನ್ನು ನಿಲ್ಲಿಸಿ ರೊಟ್ಟಿ ಬಡಿಯಲು ಹೋದೆ. ಅಲ್ಲಿ ಪಟಪಟ ಸಪ್ಪಳಕ್ಕೆ ತಾಳ ಸಿಕ್ಕಿತು, ಇನ್ನೂ ಚಲೋ ಹಾಡಿದರು. ನನಗೆ ನಗು ಬಂತು. ಕೊನೆಗೆ ಸಪ್ಪಳವಿಲ್ಲದ ಕೆಲಸವೇ ಇರಲಿ ಎಂದು ಹತ್ತಿಯ ಕಸ ಆರಿಸುತ್ತ ಕುಳಿತೆ. ಆದರೂ ಸಾಲಿನ ತುದಿಗೆ ಬಂದರೆ ದನಿ ತಾನಾಗಿ ಮೇಲೇರುತ್ತಿತ್ತು. ದಿನಗಳು ಹೀಗೇ ಸರಿದವು. ಅವರ ಮುಖ ನೋಡಲಾಗುತ್ತಿರಲಿಲ್ಲ.

“ನನ್ನ ಕೈಲೆ ಆಗಂಗಿಲ್ಲ ಬಿಡು. ನಾ ಅಂದ್ರ ಇಷ್ಟಽ” ಎಂದು ಪುಸ್ತಕ ಮುಚ್ಚಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಯಾಕ ಆಗಂಗಿಲ್ಲ? ಸಾರಿಗೆ ಉಪ್ಪು ಕಡಿಮಿ ಬಿದ್ದಾಗ ನನ್ನ ಬೈತೀರಲ್ಲ, ಅವಾಗ ರಾಗ ಹಾಕ್ತೀರೇನು? ಹಂಗಽ ಬೈರಿ. ಆ ಪುಸ್ತಕದಾಗಿಂದಽ ಬೈರಿ ನನ್ನ!” ಎಂದೆ.

ಮೊದಲು ನಕ್ಕರು. ನಾನು ಬಿಡಲಿಲ್ಲ. ಅವರ ಅವ್ವನ ಅಡುಗೆಗೆ ಹೆಸರಿಟ್ಟೆ, ತೊಟ್ಟ ಅಂಗಿಗೆ ಹೆಸರಿಟ್ಟೆ, ಕಡೆಗೆ ಲಕ್ಕಲಕಟ್ಟಿಯ ಪುರಾಣಕ್ಕೆ ಜನ ಬಂದದ್ದು ಪ್ರಸಾದದ ಆಸೆಗೆ ಎಂದೂ ಅಂದುಬಿಟ್ಟೆ. ಮುಖ ಕೆಂಪಗಾಯಿತು ನೋಡಿ! ಪುಸ್ತಕ ಹಿಡಿದು ನನ್ನತ್ತ ಬಾಗಿ, “ಭೂಮಿಯು ಗುಂಡಾಗಿದೆ! ಅದು ಸೂರ್ಯನ ಸುತ್ತಲೂ ತಿರುಗುತ್ತದೆ!” ಎಂದು ಒಂದೇ ಸಮನೆ ಕಿರುಚಿದರು. ಒಂದಿಷ್ಟೂ ರಾಗವಿಲ್ಲ. ಪುಟ ಮುಗಿಯುವವರೆಗೂ ಬೈದರು. ಪಕ್ಕದ ಮನೆಯ ಮುದುಕಿ ಓಡಿ ಬಂದು, “ಯಾಕೋ ಯಪ್ಪಾ, ಆ ಹುಡುಗಿ ಏನ ತಪ್ಪ ಮಾಡ್ಯಾಳ?” ಎಂದು ನಡುವೆ ನಿಂತಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಸಾಹೇಬರು ತಿರುಗಿ ಬಂದ ದಿನ ಇವರು ಹಾಗೆಯೇ ಓದಿದರಂತೆ. ಕೇಳಿ ಮುಗಿಸಿದ ಸಾಹೇಬರು, “ಚಲೋ ಓದಿದ್ರಿ. ಆದರ ನನ್ನ ಮ್ಯಾಲ ಯಾಕ ಇಷ್ಟು ಸಿಟ್ಟು?” ಎಂದು ಕೇಳಿ, ನಕ್ಕು, ಸೇರಿಸಿಕೊಂಡೆ ಎಂದರು. ಅಣ್ಣ ಈ ಸಲ ಓಡಿ ಬಂದು ಸುದ್ದಿ ಹೇಳಿದ. ಊರವರಿಗೆಲ್ಲ ಬೆಲ್ಲ ಹಂಚಿದೆ. ಹಂಚುತ್ತ ಹಂಚುತ್ತ ಅವರು ಒಂದು ವರ್ಷ ಧಾರವಾಡದಲ್ಲಿ ಇರುತ್ತಾರೆಂಬುದು ನೆನಪಾಗಿ ಅಡುಗೆಮನೆಗೆ ಹೋಗಿ ಅತ್ತೆ.

ವರ್ಷದ ಮೇಲೆ ಬಂದರು. ಸಾಲೆ ಅವರ ಕೈಗೇ ಬಂತು. ಹುಡುಗರು ಉಸುಕು ಬಿಟ್ಟು ಪಾಟಿ ಹಿಡಿದರು, ಹಾಡದೆ ಓದುವುದನ್ನು ಕಲಿತರು. ಕಚೇರಿಯ ಕಾಗದ ಬಂದರೆ ಒಕ್ಕಲಿಗರ ಮಕ್ಕಳೇ ಅಪ್ಪಂದಿರಿಗೆ ಓದಿ ಹೇಳುವಂತಾಯಿತು. ಸಂಜೆ ಒಲೆಯ ಮುಂದೆ ನನಗೂ ಕಲಿಸಿದರು. ನಾನು ಓದುವಾಗ ಸ್ವಲ್ಪ ಎಳೆದರೆ ಬೆರಳೆತ್ತಿ ನಿಲ್ಲಿಸುತ್ತಿದ್ದರು.

ಅವರು ತಿರುಗಿ ಬಂದ ವರ್ಷದ ಶ್ರಾವಣದಲ್ಲಿ ಜನ ಆಸೆಯಿಂದ ಗುಡಿಗೆ ಬಂದರು. ಇವರು ಹೊತ್ತಿಗೆ ಬಿಚ್ಚಿದರು. ಓದಿದರು... ಸ್ಪಷ್ಟವಾಗಿ, ಒಂದು ಮಾತೂ ತಪ್ಪದೆ, ಪಾಠ ಹೇಳಿದ ಹಾಗೆ. ನಡುವೆ ನಿಲ್ಲಿಸಿ, “ಈಗ ಹೇಳ್ರಿ ಗೌಡ್ರ, ರಾಜ ಕಾಡಿಗೆ ಯಾಕ ಹ್ವಾದ?” ಎಂದು ಕೇಳಿದರು. ನಿದ್ದೆಗಣ್ಣಿನ ಗೌಡರು ಗಾಬರಿಯಾಗಿ, “ಓದಾವ್ರು ನೀವು, ನನ್ನ ಕೇಳಿದರ ಹ್ಯಾಂಗ್ರಿ ಮಾಸ್ತರ?” ಎಂದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಆದರೆ ದಿನದಿಂದ ದಿನಕ್ಕೆ ಜನ ಕಡಿಮೆಯಾದರು. ಮರುವರ್ಷ ಗಜೇಂದ್ರಗಡದಿಂದ ಬೇರೆಯವರನ್ನು ಕರೆಸಿದರು.

ಇವರೂ ಕೇಳಲು ಹೋದರು. ಹೆಂಗಸರ ಕಡೆಯಿಂದ ನಾನು ನೋಡುತ್ತಲೇ ಇದ್ದೆ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು, ತುಟಿಗಳು ಆ ಹಾಡಿನ ಜೊತೆಗೇ ಅಲುಗುತ್ತಿದ್ದವು, ದನಿ ಇರಲಿಲ್ಲ. ಮನೆಗೆ ಬರುವಾಗ, “ನೀವಽ ಹಾಡಬೇಕಿತ್ರಿ” ಎಂದೆ.

“ಧಾರವಾಡದಾಗ ವರ್ಷತನಕ ರಾಗಾ ನುಂಗಿಕೋತ ಬಂದೆ. ಈಗ ಕರದರ ಬರವಲ್ದು” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವನ್ನೂ ತೋರಿಸಲಿಲ್ಲ. ಬೆಳಗಾದರೆ ಎಂದಿನಂತೆ ರುಮಾಲು ಸುತ್ತಿ ಸಾಲೆಗೆ ಹೋದರು.

ಅವರು ಹೋಗಿ ವರ್ಷಗಳಾದವು. ಅವರ ಕೈಯಲ್ಲಿ ಕಲಿತವರು ಈಗ ಸುತ್ತಲಿನ ಊರುಗಳಲ್ಲಿ ಮಾಸ್ತರರು. ದಾರಿಯಲ್ಲಿ ಸಿಕ್ಕರೆ ಬಗ್ಗಿ ನಮಸ್ಕಾರ ಮಾಡುತ್ತಾರೆ, ನನಗೆ ಎದೆ ತುಂಬಿ ಬರುತ್ತದೆ. ಆ ಎಂಟು ದಿನ ಮತ್ತೆ ಬಂದರೂ ನಾನು ಬೈಸಿಕೊಳ್ಳಲು ಹಾಗೆಯೇ ಎದುರಿಗೆ ಕೂಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಅವರು ಆಡಿದ ಮಾತೆಲ್ಲ ನನಗೆ ನೆನಪಿದೆ. ಅಂದು ಬೈದ ಆ ಪುಟ ಇಂದಿಗೂ ಬಾಯಿಪಾಠ. ಆದರೆ ಒಬ್ಬಳೇ ಕುಳಿತಾಗ ಲಕ್ಕಲಕಟ್ಟಿಯ ಗುಡಿಯಲ್ಲಿ ಕೇಳಿದ ರಾಗವನ್ನು ನೆನೆಸಿಕೊಳ್ಳಲು ಹೋಗುತ್ತೇನೆ... ಮಾತುಗಳು ಬರುತ್ತವೆ, ರಾಗ ಬರುವುದಿಲ್ಲ.