ಇಡ್ಲಿ ತಟ್ಟೆಯ ಕವಚ ತೊಟ್ಟ ಟ್ಯಾಂಕು

ಟ್ಯಾಂಕಿನೊಳಗೆ ಎಷ್ಟು ಜನ ಇರಬೇಕು ಎಂಬ ಒಂದೇ ವಿಷಯಕ್ಕೆ ನಾನೂ ಹವಾಲ್ದಾರರೂ ಒಂದು ಇಡೀ ಮಳೆಗಾಲ ಜಗಳವಾಡಿದೆವು. ಮೂವರು ಸಾಕು ಎನ್ನುವುದು ನನ್ನ ಪಕ್ಷ. ನಾಲ್ವರು ಬೇಕೇ ಬೇಕು ಎನ್ನುವುದು ಅವರದು. ಇಬ್ಬರಲ್ಲಿ ಯಾರೂ ಯುದ್ಧಕ್ಕೆ ಹೊರಟವರಲ್ಲ. ನಾನು ಭಾಂಡುಪಿನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರ್ ಹಾಕಿದ ಸಣ್ಣ ವರ್ಕ್‌ಶಾಪು ಇಟ್ಟುಕೊಂಡು ಹೋಟೆಲುಗಳಿಗೆ ಭಟ್ಟಿ, ದೋಸೆ ಕಾವಲಿ, ಇಡ್ಲಿ ಪೆಟ್ಟಿಗೆ ಮಾಡಿಕೊಡುವವನು. ಅವರು ಅದೇ ಎಸ್ಟೇಟಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಸೆಕ್ಯುರಿಟಿ ಮುಖ್ಯಸ್ಥರು, ಧಾರವಾಡದ ಕಡೆಯವರು, ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡಿ ನಿವೃತ್ತರಾದವರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಂದೆ. ಮೊದಲು ಹೋಟೆಲಿನಲ್ಲಿ ತಟ್ಟೆ ತೊಳೆದೆ, ಆಮೇಲೆ ತಟ್ಟೆಯನ್ನೇ ಮಾಡಲು ಕಲಿತೆ. ನನ್ನ ವೆಲ್ಡಿಂಗ್ ಬಿಟ್ಟಿತೆಂದು ವಾಪಸು ಬಂದ ಪಾತ್ರೆ ಈವರೆಗೆ ಒಂದೂ ಇಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಮನೆ ಸಯನ್‌ನಲ್ಲಿ. ಬೆಳಿಗ್ಗೆ ಇಡೀ ಮುಂಬಯಿ ಪೇಟೆಯ ಕಡೆಗೆ ನುಗ್ಗುವಾಗ ನಾನು ಉಲ್ಟಾ ದಿಕ್ಕಿಗೆ ಹೋಗುತ್ತೇನೆ, ಹಾಗಾಗಿ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗುತ್ತದೆ. ಆ ಸೀಟೇ ನನ್ನನ್ನು ಕೆಡಿಸಿದ್ದು. ಮೊಬೈಲಿನಲ್ಲಿ ಒಂದು ದಿನ ಯಾವುದೋ ಟ್ಯಾಂಕಿನ ವಿಡಿಯೋ ಕಂಡಿತು. ಮರುದಿನ ಇನ್ನೊಂದು. ವಾರ ಕಳೆಯುವಷ್ಟರಲ್ಲಿ ರಷ್ಯದ್ದು, ಜರ್ಮನಿಯದ್ದು, ನಮ್ಮದೇ ಅರ್ಜುನ್, ಎಲ್ಲದರ ಹೊಟ್ಟೆಯೊಳಗೆ ಏನೇನಿದೆಯೆಂದು ನನಗೆ ಬಾಯಿಪಾಠ. ಕುರ್ಲಾ ಬಂದದ್ದು, ಘಾಟ್ಕೋಪರ್ ಹೋದದ್ದು ಗೊತ್ತಾಗುತ್ತಿರಲಿಲ್ಲ.

ಕೆಲಸಕ್ಕೆ ಹೋದ ಕೂಡಲೇ ಚಹಾ ತರಿಸಿ ಹವಾಲ್ದಾರರ ಎದುರು ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ.

"ಹವಾಲ್ದಾರ್ರೇ, ನಿಮ್ಮ ಹಳೇ ವಿಜಯಂತ ಟ್ಯಾಂಕಿನಲ್ಲಿ ಗುಂಡು ತುಂಬ್ಲಿಕ್ಕೇ ಒಬ್ಬ ಮನುಷ್ಯ ಬೇಕಿತ್ತು. ಟಿ-72ರಲ್ಲಿ ಮಷೀನೇ ತುಂಬ್ತದೆ. ಒಬ್ಬನ ಜಾಗ ಉಳೀತು, ಟ್ಯಾಂಕು ಸಣ್ಣದಾಯ್ತು, ಹಗುರ ಆಯ್ತು. ಲೆಕ್ಕ ಮುಗೀತಲ್ವಾ?"

"ಲೆಕ್ಕ ಮುಗೀತು, ಕೆಲಸ ಮುಗೀತೇನು?" ಅವರು ಮೀಸೆಯಿಂದ ಚಹಾ ಒರೆಸಿಕೊಳ್ಳುತ್ತಿದ್ದರು. "ರಾತ್ರಿ ಪಹರೆ ಯಾರು ನಿಲ್ಲತಾರ? ಗಾಲಿ ಮ್ಯಾಲಿನ ಪಟ್ಟಿ ಕಳಚಿ ಬಿದ್ರ ಎತ್ತಾವ್ರ್ಯಾರು? ಮಷೀನು ಬಂದು ಸುತ್ತಿಗಿ ಹಿಡಿತೈತೇನೋ ತಮ್ಮಾ? ನಾಕನೇ ಮನಷ್ಯಾ ಅಂದ್ರ ಬರೇ ಗುಂಡು ತುಂಬಾವಲ್ಲ. ಚಹಾ ಮಾಡಾವನೂ ಅಂವನ."

"ಚಹಾಕ್ಕೋಸ್ಕರ ಅಷ್ಟು ಟನ್ ಕಬ್ಬಿಣ ಜಾಸ್ತಿ ಮಾಡೂದಾ ಮಾರಾಯ್ರೆ!"

"ನೀ ಈಗ ಕುಡ್ಯಾಕತ್ತಿದ್ದು ಏನು?"

ಹೀಗೆ ನಡೆಯುತ್ತಿತ್ತು. ನಾನು ಹೊಸ ಕವಚ, ರಾತ್ರಿ ಕಾಣುವ ದುರ್ಬೀನು, ಡ್ರೋನು ತಡೆಯಲು ತೋಪು ಕೂರಿಸಿದ ಗೋಪುರದ ಮೇಲೆ ಕಟ್ಟುವ ಜಾಲರಿ ಎಂದು ಒಂದೊಂದೇ ಹೇರುತ್ತ ಹೋಗುತ್ತಿದ್ದೆ. ಅವರು ಎಲ್ಲಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ತೂಕ ಎಷ್ಟಾತು? ಎಂಜಿನ್ ಅದ ಐತೋ, ಹೊಸಾದು ಹಾಕಿಯೋ?" ನಾನು ಆ ಪ್ರಶ್ನೆಯನ್ನು ಹಳಬರ ಗೊಣಗಾಟವೆಂದು ತಳ್ಳಿಬಿಡುತ್ತಿದ್ದೆ.

ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಟ್ಯಾಂಕಿನ ಒಂದು ಫೋಟೋ ಇತ್ತು. ಹತ್ತಿರ ಹೋಗಿ ನೋಡಿದೆ. ಮರಳಿನಲ್ಲಿ ನಿಂತ ಟ್ಯಾಂಕು, ಅದರ ಅಡಿಯಿಂದ ಹೊರಗೆ ಚಾಚಿದ ಎರಡು ಬೂಟುಗಳು. ಮನುಷ್ಯನೇ ಇಲ್ಲ.

"ಅವ್ರ ನಮ್ಮವ್ರು," ಎಂದು ಅವರ ಹೆಂಡತಿ ರೊಟ್ಟಿ ಬಡಿಸುತ್ತ ಬೂಟು ತೋರಿಸಿದರು. "ಇಡೀ ಸರ್ವಿಸ್ನ್ಯಾಗ ಇದೊಂದ ಫೋಟೋ. ಮಂದಿ ಗಂಡಂದ್ರು ಟ್ಯಾಂಕಿನ ಮ್ಯಾಲೆ ನಿಂತು ಸಲ್ಯೂಟ್ ಹೊಡದಿದ್ದು ಕಳಸತಿದ್ರು. ನನಗ ಕಾಲು ಕಳಿಸ್ಯಾರ."

ನಾವೆಲ್ಲ ನಕ್ಕೆವು. ಹವಾಲ್ದಾರರೂ ನಕ್ಕರು. ಆದರೆ ಹೊರಗೆ ಬೀಳ್ಕೊಡುವಾಗ ಮೆಟ್ಟಿಲ ಬಳಿ ಮೆಲ್ಲಗೆ ಅಂದರು, "ಒಮ್ಮೆ ಮ್ಯಾಲೆ ನಿಂತು ಅಕಿಗೆ ತೋರಸಬೇಕಿತ್ತಲೇ ತಮ್ಮಾ. ಫಿಟರ್‌ಗೆ ಪರೇಡ್ನ್ಯಾಗ ಯಾರು ನಿಲ್ಲಾಕ ಕೊಡ್ತಾರ?"

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಅಕ್ಟೋಬರಿನಲ್ಲಿ ನಮ್ಮ ಭಾಗದ ಕನ್ನಡಿಗರ ಸಂಘದವರು ರಾಜ್ಯೋತ್ಸವದ ಮೆರವಣಿಗೆಗೆ ಸ್ತಬ್ಧಚಿತ್ರ ಮಾಡಿಕೊಡಿ ಎಂದು ಬಂದಾಗ ನಾನು ಯೋಚಿಸದೆ ಹೇಳಿದೆ: "ಟ್ಯಾಂಕು. ಮೇಲೆ ಹವಾಲ್ದಾರ್ರು."

ಕಾರ್ಯದರ್ಶಿಗಳಿಗೆ ಖುಷಿಯಾಯಿತು. "ಒಳ್ಳೇದಾಯ್ತು. ಥರ್ಮಕೋಲ್‌ನಲ್ಲಿ ಚೆಂದ ಮಾಡಿ."

ಥರ್ಮಕೋಲ್! ನನ್ನ ವರ್ಕ್‌ಶಾಪಿನೊಳಗೆ ಆ ಬಿಳಿ ಪುಡಿ ಇಂದಿಗೂ ಕಾಲಿಟ್ಟಿಲ್ಲ. "ಸ್ಟೀಲ್ ಕೆಲಸ ಮಾಡುವವನ ಹತ್ತಿರ ಬಂದಿದ್ದೀರಿ, ಸ್ಟೀಲ್ ಟ್ಯಾಂಕೇ ಸಿಗ್ತದೆ" ಎಂದು ಎದೆಯುಬ್ಬಿಸಿ ಕಳುಹಿಸಿದೆ.

ಸಾಮಾನು ಸಾಗಿಸುವ ಪುಟ್ಟ ಟೆಂಪೋ ಒಂದನ್ನು ಗೊತ್ತು ಮಾಡಿದೆವು. ಅದರ ಮೇಲೆ ಕಬ್ಬಿಣದ ಆ್ಯಂಗಲ್‌ನ ಚೌಕಟ್ಟು, ಅದಕ್ಕೆ ತಗಡಿನ ಮೈ. ಪಕ್ಕದ ಗ್ಯಾರೇಜಿನ ಹಳೆ ರಬ್ಬರ್ ಮ್ಯಾಟು ಎರಡು ಬದಿಗೆ ಇಳಿಬಿಟ್ಟು ಪಟ್ಟಿ ಮಾಡಿದೆವು. ಗೋಪುರಕ್ಕೆ ಒಂದು ಹೋಟೆಲಿನವರು ಅಳತೆ ತಪ್ಪಿತೆಂದು ಬಿಟ್ಟುಹೋದ ಸಾಂಬಾರಿನ ಮಹಾ ಪಾತ್ರೆ ಬೋರಲು. ಅದರ ತಳ ಕತ್ತರಿಸಿ ಹವಾಲ್ದಾರರು ನಿಲ್ಲಲು ಬಾಯಿ ಮಾಡಿದೆ. ತೋಪಿಗೆ ಭಟ್ಟಿಯ ಹೊಗೆ ಕೊಳವೆ, ಅದರ ಬುಡಕ್ಕೆ ಭಟ್ಟಿಗೆ ಗಾಳಿ ಊದುವ ಬ್ಲೋವರ್. ಚೆಂಡುಹೂವಿನ ಎಸಳು ಹಾಕಿದರೆ ಭುಸ್ಸೆಂದು ಕಟ್ಟಡದೆತ್ತರ ಹಾರುತ್ತಿತ್ತು. ಎಸ್ಟೇಟಿನ ಅಂಗಳದಲ್ಲಿ ಓಡಿಸಿ ನೋಡಿದೆವು. ಟೆಂಪೋ ಸಲೀಸಾಗಿ ಎರಡು ಸುತ್ತು ಹೊಡೆಯಿತು. ಹವಾಲ್ದಾರರು ಬಾನೆಟ್ ತಟ್ಟಿ "ಟ್ರಯಲ್ ಪಾಸ್" ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಟ್ರಯಲ್ ಪಾಸಾದ ಟ್ಯಾಂಕನ್ನು ಯಾವ ದೇಶದವರು ಸುಮ್ಮನೆ ಬಿಟ್ಟಿದ್ದಾರೆ, ನಾನು ಬಿಡಲಿಕ್ಕೆ? ಮರುದಿನ ಲೋಕಲ್‌ನಲ್ಲಿ ಒಂದು ವಿಡಿಯೋ ನೋಡಿದೆ. ಹಳೆ ಟ್ಯಾಂಕಿನ ಮೈತುಂಬ ಇಟ್ಟಿಗೆ ಜೋಡಿಸಿದ ಹಾಗೆ ಕವಚದ ಪೆಟ್ಟಿಗೆಗಳು. ಎಷ್ಟು ಚೆಂದ! ನನ್ನಲ್ಲಿ ಗೀರು ಬಿದ್ದ ಇಡ್ಲಿ ತಟ್ಟೆಗಳ ದೊಡ್ಡ ರಾಶಿಯಿತ್ತು. ಗುಳಿ ಹೊರಗೆ ಮಾಡಿ ಜೋಡಿಸಿದರೆ ಸಾಕ್ಷಾತ್ ಅದೇ ಕವಚ. ಒಂದು ಸಾಲು ಹಾಕಿದೆ. ಬರೀ ಎದುರಿಗೆ ಹಾಕಿದರೆ ಬದಿ ಬೋಳಾಗಿ ಕಾಣುತ್ತದೆಂದು ಬದಿಗೂ ಹಾಕಿದೆ. ಒಂದು ಪದರ ತೆಳುವಾಯಿತೆಂದು ಎರಡು ಪದರ ಮಾಡಿದೆ. ಡ್ರೋನಿನ ಜಾಲರಿಗೆ ಪಾತ್ರೆ ಒಣಗಿಸುವ ಸ್ಟ್ಯಾಂಡು ಏರಿತು. ಕೊನೆಗೆ ನನ್ನ ಮೂವರ ಪಕ್ಷ ಗೆಲ್ಲಿಸಲೆಂದು, ತಾನಾಗಿಯೇ ಹೂ ತುಂಬುವ ಯಂತ್ರ: ದೊಡ್ಡ ಡಬ್ಬಿಯಿಂದ ಎಸಳನ್ನು ಬ್ಲೋವರಿಗೆ ತಳ್ಳಲು ರುಬ್ಬುವ ಗ್ರೈಂಡರಿನ ಮೋಟಾರು.

ತಟ್ಟೆಗಳನ್ನು ವೆಲ್ಡ್ ಮಾಡಲು ನಾನು ಮುಖವಾಡ ಎತ್ತಿಕೊಂಡಾಗ ಹವಾಲ್ದಾರರು ಅಡ್ಡ ನಿಂತರು.

"ಬೋಲ್ಟ್ ಹಾಕು."

"ಬೋಲ್ಟಾ? ನನ್ನ ವೆಲ್ಡಿಂಗ್ ಮೇಲೆ ಭರವಸೆ ಇಲ್ವಾ ನಿಮ್ಗೆ?"

"ಭರೋಸಾ ಐತಿ. ಅದ ತ್ರಾಸು. ನೀ ಹಚ್ಚಿದ್ದು ಮತ್ತ ಬಿಡಂಗಿಲ್ಲ. ಟ್ಯಾಂಕಿನ ಮ್ಯಾಲಿಂದು ಏನಿದ್ರೂ ಒಂದು ಪಾನಾ ತಗೊಂಡು ತಿರುವಿದ್ರ ಕಳಚಬೇಕು. ಇದು ಫಿಟರ್ ಮಾತು, ಕೇಳು."

ಬೋಲ್ಟ್ ಎಂದರೆ ನನಗೆ ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡಷ್ಟು ಅವಮಾನ. ಆದರೂ ಮೇಲೆ ನಿಲ್ಲುವವರು ಅವರು. ಗೊಣಗುತ್ತ ಬೋಲ್ಟೇ ಹಾಕಿದೆ. ನನ್ನ ಹೆಂಡತಿ ಬಂದು ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂಥ ಮರ್ಲು ನಿಮ್ಗೆ? ಇದ್ರಲ್ಲಿ ಯುದ್ಧ ಮಾಡೂದಾ, ಮದುವೆಗೆ ಇಡ್ಲಿ ಬೇಯಿಸೂದಾ?" ಎಂದು ಕೇಳಿದಳು. ಎರಡೂ ಆಗ್ತದೆ ಎಂದೆ.

ಮೆರವಣಿಗೆಯ ಬೆಳಿಗ್ಗೆ ಬಂತು. ಹವಾಲ್ದಾರರು ಇಸ್ತ್ರಿ ಮಾಡಿದ ಕೋಟಿಗೆ ಪದಕ ಸಿಕ್ಕಿಸಿ, ಮೀಸೆಗೆ ಎಣ್ಣೆ ಹಚ್ಚಿ ಬಂದರು. ಸಾಂಬಾರು ಪಾತ್ರೆಯ ಬಾಯಿಯಿಂದ ಸೊಂಟದವರೆಗೆ ಹೊರಬಂದು ನಿಂತಾಗ ಎಸ್ಟೇಟಿನವರೆಲ್ಲ ಸೀಟಿ ಹೊಡೆದರು. ಅವರ ಮುಖ ನೋಡಬೇಕಿತ್ತು. ಆದರೆ ಅವರು ಯಾರನ್ನೂ ನೋಡುತ್ತಿರಲಿಲ್ಲ. ಗೇಟಿನಾಚೆ ರಸ್ತೆ ಏರು ಹತ್ತಿ ಮುಖ್ಯರಸ್ತೆ ಸೇರುತ್ತದೆ. ಅದರ ತುದಿಯಲ್ಲಿ ಕಳಶ ಹಿಡಿದ ಹೆಂಗಸರ ಸಾಲು. ಅದರಲ್ಲಿ ಹಸಿರು ಸೀರೆ ಅವರ ಹೆಂಡತಿಯದು. ಡೊಳ್ಳು ಶುರುವಾಗಿತ್ತು.

ಟೆಂಪೋ ಗೇಟು ದಾಟಿತು. ಏರಿನ ಬುಡಕ್ಕೆ ಬಂತು. ಒಮ್ಮೆ ಘರ್ರೆಂದು ನಿಂತಿತು. ಮತ್ತೆ ಘರ್ರೆಂದಿತು. ಆಮೇಲೆ ಬಹಳ ಮರ್ಯಾದೆಯಿಂದ ಹಿಂದಕ್ಕೆ ಜಾರತೊಡಗಿತು. ಡ್ರೈವರ್ ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಸೇಠ್, ನಹೀ ಚಢೇಗಾ! ಗಾಡಿ ಬೈಠ್ ಗಯಾ!"

ನಿಜ, ಗಾಡಿ ಕುಸಿದು ಕೂತೇಬಿಟ್ಟಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಾಗಳು ಒತ್ತಿ ನೆಲಮುಟ್ಟುವಂತಾಗಿದ್ದವು. ಟ್ರಯಲ್ ಪಾಸಾದ ಟ್ಯಾಂಕು ಬೇರೆ, ಏರಿನ ಬುಡದಲ್ಲಿ ನಿಂತ ಟ್ಯಾಂಕು ಬೇರೆ ಎಂದು ನನಗೆ ಹೊಳೆದದ್ದು ಆಗಲೇ. ಎಂಜಿನ್ ಮಾತ್ರ ಅದೇ.

ಕಾರ್ಯದರ್ಶಿಗಳು ಬೆವರುತ್ತ ಓಡಿಬಂದರು. "ಹೊತ್ತಾಯ್ತು! ಹವಾಲ್ದಾರ್ರನ್ನು ಇಳಿಸಿಬಿಡಿ, ಭಾರ ಕಮ್ಮಿ ಆಗ್ತದೆ. ಅವರು ನಡೆದೇ ಬರಲಿ."

ತಿರುಗಿ ನೋಡಿದರೆ ಗೋಪುರ ಖಾಲಿ! ಯಾರೂ ಇಳಿಸಬೇಕಾಗಿರಲಿಲ್ಲ. ಗಾಡಿ ಸದ್ದು ಕೆಟ್ಟಿತೆಂದರೆ ಆ ಮನುಷ್ಯನ ಮೈ ತಾನಾಗಿಯೇ ಕೆಲಸ ಮಾಡುತ್ತದೆ. ಕೋಟು, ಪದಕ ಸಮೇತ ಅವರು ಆಗಲೇ ಟೆಂಪೋದ ಅಡಿಗೆ ನುಗ್ಗಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು.

ಏರಿನ ತುದಿಯಿಂದ ಡೊಳ್ಳಿನ ಸದ್ದನ್ನೂ ಮೀರಿ ಒಂದು ದನಿ ಬಂತು. "ಅಯ್ಯ ನನ್ನ ಶಿವನ! ಮತ್ತ ಬರೇ ಕಾಲು ಕಂಡ್ವಲ್ಲೇ!"

ಇಡೀ ಮೆರವಣಿಗೆ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು, ಅದರ ಹಿಂದೆಯೇ ರೋಷವೂ ಬಂತು. ಬೂಟು ಹಿಡಿದು ಎಳೆದೆ. "ಹವಾಲ್ದಾರ್ರೇ, ಹೊರಗೆ ಬನ್ನಿ. ಮೇಲೆ ಹತ್ತಿ. ಇವತ್ತು ಅಡಿ ಕೆಲಸ ನನ್ದು."

"ಕ್ಲಚ್ ಛಲೋ ಐತಿ," ಎಂದು ಅವರು ಅಡಿಯಿಂದಲೇ ವರದಿ ಕೊಟ್ಟರು. "ತೂಕ. ನಾ ಏನ ಕೇಳತಿದ್ದೆ ದಿನಾ?"

"ಗೊತ್ತಾಯ್ತು ಮಾರಾಯ್ರೆ, ಪಾನಾ ಕೊಡಿ!"

ಪಾನಾ ಅವರ ಕೋಟಿನ ಜೇಬಿನಲ್ಲೇ ಇತ್ತು. ಮೆರವಣಿಗೆಗೆ ಹೊರಟರೂ ಬಿಟ್ಟು ಬಂದಿರಲಿಲ್ಲ. ಹೊರಗೆ ತೆವಳಿ ಬಂದು ಅದನ್ನು ನನ್ನ ಕೈಗಿಟ್ಟು ಮತ್ತೆ ಗೋಪುರ ಹತ್ತಿದರು. ನಾನು ಒಂದೊಂದೇ ಬೋಲ್ಟು ಬಿಚ್ಚಿದೆ. ವೆಲ್ಡ್ ಮಾಡಿದ್ದರೆ ಆ ಹೊತ್ತಿಗೆ ದೇವರೂ ಕಳಚುತ್ತಿರಲಿಲ್ಲ. ನಾನು ಕಟ್ಟಿದ್ದನ್ನು ನಾನೇ ಬಿಚ್ಚುವುದು ಹಿಂದೆಂದೂ ಆದದ್ದಿಲ್ಲ. ಆದರೆ ಕೈ ಹಾರಾಡುತ್ತಿತ್ತು. ಬಿಚ್ಚಿದ ತಟ್ಟೆಗಳನ್ನು ಎಲ್ಲಿಡುವುದು? ಮೆರವಣಿಗೆಗೆ ಬಂದಿದ್ದ ಹೋಟೆಲಿನ ಹುಡುಗರು ಕೈಚಾಚಿದರು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಹೆಂಗಸರೂ ಕಳಶ ಪಕ್ಕದವರಿಗೆ ದಾಟಿಸಿ ಇಳಿದು ಬಂದು ಇಸಿದುಕೊಂಡರು. ಜಾಲರಿ ಹೋಯಿತು. ಕೊನೆಗೆ ಗ್ರೈಂಡರಿನ ಮೋಟಾರು, ನನ್ನ ಹೂ ತುಂಬುವ ಯಂತ್ರ. ಅದರ ಮುಂದೆ ಒಂದು ಕ್ಷಣ ನಿಂತೆ.

ಗೋಪುರದ ಮೇಲಿಂದ ಗಂಭೀರ ದನಿ. "ಹೂ ತುಂಬಾವ್ರ್ಯಾರು ಇನ್ನ?"

"ನಾಲ್ಕನೆಯವ!" ಎಂದು ಕೂಗಿ ಮೋಟಾರು ಇಳಿಸಿದೆ.

ಟೆಂಪೋ ಒಂದು ಗೇಣು ಮೇಲೆದ್ದಿತು. ಡ್ರೈವರ್ ಗಣಪತಿಯನ್ನು ನೆನೆದು ಗೇರು ಹಾಕಿದ. ನಾನು ಹೂವಿನ ಗೋಣಿ ಬಗಲಿಗೆ ಹಾಕಿಕೊಂಡು ತೋಪಿನ ಬುಡದಲ್ಲಿ ಮಂಡಿಯೂರಿದೆ. ಘರ್ರ್‌, ಘರ್ರ್‌, ಹೊರಟಿತು! ಎರಡೂ ಬದಿಯಲ್ಲಿ ಟ್ಯಾಂಕಿನ ಕವಚ ಕಾಲು ಬಂದು ನಡೆಯುತ್ತಿತ್ತು. ಯಾರೋ ಒಬ್ಬ ಇಡ್ಲಿ ತಟ್ಟೆಯನ್ನು ಚಮಚದಿಂದ ಬಾರಿಸಿದ. ಆಮೇಲೆ ಎಲ್ಲರೂ ಬಾರಿಸಿದರು. ಡೊಳ್ಳಿನವರು ಸೋತು ಅದೇ ತಾಳಕ್ಕೆ ಬಂದರು. ಅಕ್ಕಪಕ್ಕದ ಬಿಲ್ಡಿಂಗಿನ ಗ್ಯಾಲರಿಗಳಿಂದ ಜನ ಬಗ್ಗಿ ನೋಡುತ್ತಿದ್ದರು. ನಾನು ಬೊಗಸೆ ಬೊಗಸೆ ಹೂ ತುಂಬಿದೆ. ತಪ್ಪಿ ಒಂದು ಸಲ ನನ್ನ ಟೋಪಿಯೂ ಹಾರಿತು. ಹವಾಲ್ದಾರರು ಮೇಲಿಂದ "ಫೈರ್!" ಅನ್ನುತ್ತಿದ್ದರು. ಆ ದನಿ ಸಣ್ಣ ಹುಡುಗನ ದನಿಯಾಗಿತ್ತು.

ಏರು ಹತ್ತಿ ಹಸಿರು ಸೀರೆಯ ಮುಂದೆ ಬಂದಾಗ ಅವರು ಫೈರ್ ಅನ್ನಲಿಲ್ಲ. ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. ಮೀಸೆಯ ಒಂದು ಕಡೆ ಗ್ರೀಸು ಮೆತ್ತಿತ್ತು. ಆಕೆ ತಲೆತುಂಬ ಹಳದಿ ಎಸಳು ಹೊತ್ತು, ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು, ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಇವತ್ತು ಬರೇ ಮಾರಿ ಕಾಣಾಕತ್ತೈತಿ," ಅಂದರು. "ಕಾಲು ಎಲ್ಲಿ ಇಟ್ಟ ಬಂದ್ರಿ?"

ಈಗ ಅವರ ಮನೆಯ ಗೋಡೆಯಲ್ಲಿ ಎರಡು ಫೋಟೋಗಳಿವೆ. ಮೇಲಿನದರಲ್ಲಿ ಸಾಂಬಾರು ಪಾತ್ರೆಯಿಂದ ಎದ್ದ ಸೊಂಟ, ಕೋಟು, ಪದಕ, ಸಲ್ಯೂಟು. ಸರಿಯಾಗಿ ಅದರ ಕೆಳಗೆ ಮರಳಿನ ಮೇಲಿನ ಹಳೆಯ ಬೂಟು. "ಎರಡೂ ಜೋಡಿಸಿದ್ರ ಒಬ್ಬ ಪೂರಾ ಗಂಡ ಆಗ್ತಾನ," ಎಂದು ಆಕೆ ಬಂದವರಿಗೆಲ್ಲ ತೋರಿಸುತ್ತಾರೆ.

ಹೊಸ ಫೋಟೋದಲ್ಲಿ ನಾನೂ ಇದ್ದೇನೆ. ತೋಪಿನ ಬುಡದಲ್ಲಿ ಚೆಂಡುಹೂ ಹಿಡಿದ ಒಂದು ಕೈ ಇದೆಯಲ್ಲ, ಅದು ನನ್ನದು. ನಾಲ್ಕನೆಯವನ ಕೈ.